ಆಟಿ ಮಳೆ, ಸತುವಿನ ಕಾರು, ಸತುವಿನ ಕಾರ್ಬುರೇಟರು

ಜೀಪಿನ ಕಾರ್ಬುರೇಟರನ್ನು ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಎನ್ನುತ್ತಾರೆ. ಅಟ್ಟದಿಂದ ಇಳಿಸಿದ ಹಳೆಯ ಡಿಂಕಿ ಆಟದ ಕಾರನ್ನು ಮನೆಯಲ್ಲಿ ಸೀಸ ಎನ್ನುತ್ತಾರೆ. ಎರಡೂ ತಪ್ಪು. ಎರಡೂ ಸತು. 1950ರ ದಶಕದ ಆಟದ ಕಾರು, ಅದೇ ಕಾಲದ ಜೀಪು, ಅಂಬಾಸಿಡರ್, ಫಿಯೆಟ್ ಗಾಡಿಗಳ ಕಾರ್ಬುರೇಟರು, ಪೆಟ್ರೋಲ್ ಪಂಪಿನ ಒಡಲು, ಬಾಗಿಲ ಹಿಡಿ, ಬಾನೆಟ್ಟಿನ ಮೇಲಿನ ಅಲಂಕಾರ ಇವೆಲ್ಲ ಒಂದೇ ಬಗೆಯ ಲೋಹವನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ಹೊಯ್ದು ಮಾಡಿದವು. ಕಾಸರಗೋಡಿನಂತಹ ಕಡಲ ಬದಿಯ ಊರಿನಲ್ಲಿ ಇವನ್ನು ಇಟ್ಟುಕೊಂಡವರು ಮೊದಲು ಅರಿಯಬೇಕಾದದ್ದು ಈ ಲೋಹದ ಸ್ವಭಾವವನ್ನು. ಗಾಡಿಯ ಉಳಿದ ಪಾಠ ಅದರ ನಂತರ.

ಹೆಸರು ತಪ್ಪಿದರೆ ಕೆಲಸವೂ ತಪ್ಪುತ್ತದೆ. ಅಲ್ಯೂಮಿನಿಯಂ ಎಂದುಕೊಂಡವರು ಗ್ಯಾಸ್ ಬೆಂಕಿ ಹಿಡಿದು ಬೆಸುಗೆಗೆ ಹೊರಡುತ್ತಾರೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಬೇಕು, ಈ ಸತುವಿನ ಮಿಶ್ರಲೋಹ 380–390 ಡಿಗ್ರಿಗೇ ಕರಗುತ್ತದೆ. ಅದು ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ, ಇದ್ದಕ್ಕಿದ್ದಂತೆ ಕುಸಿದು ಕೆಳಗೆ ಸುರಿಯುತ್ತದೆ. ಸೀಸ ಎಂದುಕೊಂಡವರು ಬಾಗಿದ ಬಂಪರನ್ನು ಕೈಯಲ್ಲಿ ನೇರ ಮಾಡಲು ಹೋಗುತ್ತಾರೆ, ಅದು ಟಕ್ ಎಂದು ಮುರಿಯುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಸೀಸವನ್ನು ಬಿಳಿ ಕಾಗದಕ್ಕೆ ಉಜ್ಜಿದರೆ ಪೆನ್ಸಿಲಿನಂತೆ ಗೆರೆ ಬೀಳುತ್ತದೆ, ಉಗುರಿನ ಗುರುತೂ ನಿಲ್ಲುತ್ತದೆ. ಅಲ್ಯೂಮಿನಿಯಂ ಕೈಗೆ ಹಗುರ. ಒಂದು ಘನ ಸೆಂಟಿಮೀಟರಿಗೆ ಅದು 2.7 ಗ್ರಾಂ, ಸತುವಿನ ಮಿಶ್ರಲೋಹ ಸುಮಾರು 6.6 ಗ್ರಾಂ. ಅಯಸ್ಕಾಂತ ಮೂರಕ್ಕೂ ಅಂಟದು.

ಈ ಮಿಶ್ರಲೋಹಕ್ಕೆ ಅಮೆರಿಕದಲ್ಲಿ ಝಮಾಕ್, ಇಂಗ್ಲೆಂಡಿನಲ್ಲಿ ಮಝಾಕ್ ಎಂದು ಹೆಸರು. 1929ರಲ್ಲಿ ನ್ಯೂಜೆರ್ಸಿ ಝಿಂಕ್ ಕಂಪೆನಿ ಇದನ್ನು ರೂಪಿಸಿತು. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಇವುಗಳ ಜರ್ಮನ್ ಹೆಸರುಗಳ ಮೊದಲಕ್ಷರ ಸೇರಿಸಿದ್ದೇ ಝಮಾಕ್. ಅಲ್ಯೂಮಿನಿಯಂ ಸುಮಾರು ಶೇಕಡಾ 4, ಮೆಗ್ನೀಸಿಯಂ ಶೇಕಡಾ 0.04ರಷ್ಟು, ಉಳಿದದ್ದು ಬಹುತೇಕ ಸತು. ಇದರ ದೌರ್ಬಲ್ಯವೆಲ್ಲ ಕಲಬೆರಕೆಯಲ್ಲಿದೆ. ಸೀಸ, ತವರ, ಕ್ಯಾಡ್ಮಿಯಂ ಇವು ಶೇಕಡಾ 0.005ರ ಆಸುಪಾಸು ದಾಟಿದರೂ ಸಾಕು, ಲೋಹದ ಕಣಗಳ ನಡುವಿನ ಸಂದುಗಳಲ್ಲಿ ಕೂತುಬಿಡುತ್ತವೆ. ಗಾಳಿಯ ತೇವ ಆ ಸಂದಿಗೆ ಇಳಿದಾಗ ಸವೆತ ಹೊರಗಿನಿಂದ ಒಳಗೆ ಬರುವುದಲ್ಲ, ಒಳಸಂದಿನ ಉದ್ದಕ್ಕೂ ಹಬ್ಬುತ್ತದೆ. ಸವೆದದ್ದು ಹೆಚ್ಚು ಜಾಗ ಬೇಡುವುದರಿಂದ ಇಡೀ ತುಂಡು ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ನೆನೆದ ಬಿಸ್ಕತ್ತಿನಂತೆ ಉದುರುತ್ತದೆ. ಇಂಗ್ಲಿಷಿನವರು ಇದನ್ನು ಝಿಂಕ್ ಪೆಸ್ಟ್ ಎನ್ನುತ್ತಾರೆ. ನಾವು ಸತುರೋಗ ಎನ್ನಬಹುದು. ಆದರೆ ಇದು ಅಂಟುರೋಗ ಅಲ್ಲ. ಪಕ್ಕದ ಕಾರಿಗೆ ಹರಡುತ್ತದೆಂಬ ಹೆದರಿಕೆ ಬೇಡ. ಪ್ರತಿ ಕಾರಿನ ಹಣೆಬರಹ ಅದನ್ನು ಹೊಯ್ದ ದಿನವೇ ನಿರ್ಧಾರವಾಗಿರುತ್ತದೆ. ತೇವ ಅದನ್ನು ಬೇಗ ಹೊರಗೆಡಹುತ್ತದೆ, ಅಷ್ಟೆ.

ಆದ್ದರಿಂದ ಆಟದ ಕಾರಿನ ವಿಷಯದಲ್ಲಿ ತಯಾರಾದ ಕಾಲ ಮುಖ್ಯ. ಲಿವರ್‌ಪೂಲಿನ ಮೆಕ್ಯಾನೋ ಕಂಪೆನಿ 1933ರ ಕೊನೆಗೆ ಚಿಕ್ಕ ಮಾದರಿ ಗಾಡಿಗಳನ್ನು ಬಿಟ್ಟು, 1934ರಲ್ಲಿ ಅವಕ್ಕೆ ಡಿಂಕಿ ಟಾಯ್ಸ್ ಎಂದು ಹೆಸರಿಟ್ಟಿತು. ಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಸತುರೋಗ ಬಹಳ. ಯುದ್ಧದ ನಂತರದವು ಸಾಮಾನ್ಯವಾಗಿ ಗಟ್ಟಿ. 1953ರಿಂದ ಬಂದ ಲೆಸ್ನಿಯ ಮ್ಯಾಚ್‌ಬಾಕ್ಸ್, 1956ರಿಂದ ಬಂದ ಕಾರ್ಗಿ ಇನ್ನೂ ಗಟ್ಟಿ. ಹಾಗಾಗಿ 1950ರ ದಶಕದ ಡಿಂಕಿ ಕಾರಿನ ಮೇಲೆ ಬಿಳಿ ಹುಡಿ ಕಂಡ ಕೂಡಲೇ ರೋಗ ಎಂದು ಕೈಬಿಡಬೇಡಿ. ಅದು ಬೇರೆಯೇ ಇರುವ ಸಾಧ್ಯತೆ ಹೆಚ್ಚು.

ನಮ್ಮವರಿಗೆ ಹತ್ತಿರದ ಎರಡು ಡಿಂಕಿಗಳಿವೆ. ಒಂದು 40ಜಿ ಸಂಖ್ಯೆಯ ಮಾರಿಸ್ ಆಕ್ಸ್‌ಫರ್ಡ್. 1954ರಲ್ಲಿ ಅದರ ಸಂಖ್ಯೆ 159 ಆಯಿತು. ಹಿಂದೂಸ್ತಾನ್ ಮೋಟಾರ್ಸ್ ನಮ್ಮಲ್ಲಿ ಹಿಂದೂಸ್ತಾನ್ 14 ಎಂದು ಮಾರಿದ್ದು ಇದೇ ಗಾಡಿಯನ್ನು. ಅಂಬಾಸಿಡರಿಗೆ ಮೂಲವಾದದ್ದು ಮುಂದೆ ಬಂದ ಆಕ್ಸ್‌ಫರ್ಡ್ ಸೀರೀಸ್ 3, ಆಕಾರವೇ ಬೇರೆ. ಹಾಗಾಗಿ 40ಜಿಯನ್ನು ಅಂಬಾಸಿಡರ್ ಎಂದು ಮಾರಲು ಬಂದವರ ಮಾತು ನಂಬಬೇಡಿ. ಇನ್ನೊಂದು 25ವೈ ಸಂಖ್ಯೆಯ ಯುನಿವರ್ಸಲ್ ಜೀಪು, ನಂತರದ ಸಂಖ್ಯೆ 405. ಇದಲ್ಲದೆ 1960ರ ದಶಕದ ಕೊನೆಯಿಂದ ಕಲ್ಕತ್ತೆಯಲ್ಲಿ ಡಿಂಕಿಯ ಬಳಸಿಬಿಟ್ಟ ಅಚ್ಚುಗಳಿಂದಲೇ ನಿಕಿ ಟಾಯ್ಸ್ ಎಂಬ ಹೆಸರಿನ ಕಾರುಗಳು ತಯಾರಾದವು. ಅಡಿತಟ್ಟೆ ನೋಡಿದರೆ ಕೆಲವದರಲ್ಲಿ ಡಿಂಕಿ ಎಂಬ ಅಕ್ಷರಗಳನ್ನೇ ತಿದ್ದಿ ನಿಕಿ ಮಾಡಿದ್ದು ಕಾಣುತ್ತದೆ. ಸವೆದ ಅಚ್ಚಾದ್ದರಿಂದ ಬಾಗಿಲ ಗೆರೆಗಳು ಮಸುಕು, ಬಣ್ಣ ದಪ್ಪ. ಇಂಗ್ಲೆಂಡಿನ ಸಂಗ್ರಾಹಕರೂ ಇವನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮಲ್ಲಿ ಇವನ್ನು 'ನಕಲಿ' ಎಂದು ಗುಜರಿಗೆ ಹಾಕುವುದು ದೊಡ್ಡ ನಷ್ಟ.

ಈಗ ಬಿಳಿ ಹುಡಿಯ ವಿಚಾರ. ಸತು ತೇವದಲ್ಲಿ ಮುಚ್ಚಿಟ್ಟಾಗ ಮೇಲ್ಮೈಯಲ್ಲಿ ಬಿಳಿ ಕಿಲುಬು ಕಟ್ಟುತ್ತದೆ. ಬಣ್ಣ ಹೋದ ಅಂಚು, ಅಡಿತಟ್ಟೆಯ ಒಳಬದಿ, ಚಕ್ರದ ಕಂಬಿ ಹಾಯುವ ತೂತು ಇಲ್ಲೆಲ್ಲ ಇದು ಮೊದಲು ಕಾಣುತ್ತದೆ. ಒಣ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಹುಡಿ ಹೋಗಿ ಕೆಳಗೆ ಗಟ್ಟಿ ಬೂದು ಲೋಹ ಸಿಕ್ಕಿತೆಂದರೆ ಅದು ಬರೀ ಕಿಲುಬು. ಸತುರೋಗದ ಚಿಹ್ನೆ ಬೇರೆ. ಬಣ್ಣದ ಮೇಲೆ ಕೂದಲೆಳೆಯಂತಹ ಬಿರುಕುಗಳ ಬಲೆ ಏಳುತ್ತದೆ. ಬಣ್ಣ ಗುಳ್ಳೆಯಾಗಿ ಅದರಡಿ ಲೋಹವೇ ಎದ್ದಿರುತ್ತದೆ. ಚಕ್ರ ಬಿಗಿಯಾಗಿ ತಿರುಗದು, ಏಕೆಂದರೆ ಕಂಬಿಯ ತೂತು ಕಿರಿದಾಗಿದೆ. ಅಡಿತಟ್ಟೆ ಬಿಲ್ಲಿನಂತೆ ಬಾಗಿರುತ್ತದೆ, ಏಕೆಂದರೆ ತಗಡು ಅಷ್ಟೇ ಉದ್ದ ಉಳಿದು ಒಡಲು ಮಾತ್ರ ಬೆಳೆದಿದೆ.

ಅನುಮಾನ ಉಳಿದರೆ ವರ್ನಿಯರ್ ಕ್ಯಾಲಿಪರ್ ಬಳಸಿ. 0.02 ಮಿ.ಮೀ. ತೋರಿಸುವ ಸಾಧಾರಣ ಕ್ಯಾಲಿಪರ್ ಸಾಕು. ಒಡಲಿನ ಉದ್ದ, ಮುಂದಿನ ಅಗಲ, ಹಿಂದಿನ ಅಗಲ ಮೂರನ್ನೂ ಮಳೆ ಶುರುವಾಗುವ ಮೊದಲು ಮೇ ತಿಂಗಳಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯಿರಿ. ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ನೂರು ಮಿ.ಮೀ. ಉದ್ದದ ಸತು ಹತ್ತು ಡಿಗ್ರಿ ಬಿಸಿಗೆ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಆದ್ದರಿಂದ ಒಂದೆರಡು ಗೆರೆಯ ವ್ಯತ್ಯಾಸಕ್ಕೆ ಗಾಬರಿ ಬೇಡ. 0.1 ಮಿ.ಮೀ. ದಾಟಿದರೆ ಆ ಕಾರು ಬೆಳೆಯುತ್ತಿದೆ. ಅದಕ್ಕೆ ಮದ್ದಿಲ್ಲ. ಅಂಟು ಕುಡಿಸುವುದು, ವಾರ್ನಿಶ್ ಬಳಿಯುವುದು ಇವೆಲ್ಲ ತೇವದ ದಾರಿಯನ್ನು ಸ್ವಲ್ಪ ನಿಧಾನ ಮಾಡಬಹುದು, ಬೆಳವಣಿಗೆಯನ್ನು ನಿಲ್ಲಿಸವು. ಅಂಥದ್ದನ್ನು ಒಣ ಡಬ್ಬಿಯಲ್ಲಿಟ್ಟು, ಕೈಯಾಡಿಸದೆ ಬಿಡುವುದು ಒಂದೇ ಉಪಾಯ.

ತೊಳೆಯುವಾಗ ನಮ್ಮ ಅಡುಗೆಮನೆಯ ಬುದ್ಧಿ ಇಲ್ಲಿ ಕೆಲಸಕ್ಕೆ ಬಾರದು. ಹಿತ್ತಾಳೆ ಕಾಲುದೀಪ, ತಾಮ್ರದ ಹಂಡೆ ಬೆಳಗಲು ಬಿಂಬುಳಿ, ಹುಣಸೆಹುಳಿ, ಬೂದಿ ಬಳಸುತ್ತೇವೆ. ಸತುವಿಗೆ ಹುಳಿಯೂ ಆಗದು, ಕ್ಷಾರವೂ ಆಗದು. ಬಿಂಬುಳಿ ತಿಕ್ಕಿದ ಸತು ಕ್ಷಣದಲ್ಲಿ ಹೊಳೆದು, ಆಮೇಲೆ ಕಪ್ಪಾಗಿ, ಮೇಲ್ಮೈ ತೂತುತೂತಾಗುತ್ತದೆ. ಬೂದಿ ನೀರು, ಬಟ್ಟೆಸೋಡಾ ನಿಧಾನವಾಗಿ ತಿನ್ನುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಕಾಸ್ಟಿಕ್ ಸೋಡಾ. ಬಣ್ಣ ತೆಗೆಯಲು ಕಾರನ್ನು, ಕೊಳೆ ತೆಗೆಯಲು ಕಾರ್ಬುರೇಟರನ್ನು ಅದರಲ್ಲಿ ಕುದಿಸುವವರಿದ್ದಾರೆ. ಅದರಲ್ಲೇ ಮರೆತುಬಿಟ್ಟರೆ ಅಂಚುಗಳು ಸವೆದು ಹೋಗಿರುತ್ತವೆ. ಉಗುರು ಬಿಸಿ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಶ್ಶು, ಎರಡು ನಿಮಿಷ. ಕೂಡಲೇ ಒಳ್ಳೆಯ ನೀರಿನಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ, ಫ್ಯಾನಿನ ಅಡಿ ನಾಲ್ಕೈದು ಗಂಟೆ ಒಣಗಿಸಿ. ಕಂಬಿ ಉಕ್ಕಿನದ್ದು, ಅಡಿತಟ್ಟೆ ತಗಡಿನದ್ದು. ಒಳಗೆ ನೀರು ಉಳಿದರೆ ಅವು ತುಕ್ಕು ಹಿಡಿಯುತ್ತವೆ.

ಬಣ್ಣ ಮೂಲದ್ದಾಗಿದ್ದರೆ ದಯವಿಟ್ಟು ಮತ್ತೆ ಬಳಿಯಬೇಡಿ. ಅಂಚು ಸವೆದ ಮೂಲ ಬಣ್ಣಕ್ಕೆ ಇರುವ ಬೆಲೆ ಹೊಳೆಯುವ ಹೊಸ ಬಣ್ಣಕ್ಕಿಲ್ಲ. ಮಕ್ಕಳು ಆಗಲೇ ಎನಾಮೆಲ್ ಮೆತ್ತಿ ಹಾಳಾದ ಕಾರಾಗಿದ್ದರೆ ಮಾತ್ರ ಬಿಚ್ಚಿ. ಅಡಿತಟ್ಟೆಯನ್ನು ಹಿಡಿದಿರುವುದು ಸ್ಕ್ರೂ ಅಲ್ಲ, ಒಡಲಿನದ್ದೇ ಕಂಬವನ್ನು ತಲೆ ಜಜ್ಜಿ ಅಗಲಿಸಿದ ರಿವೆಟ್ಟು. ಆ ತಲೆಯ ನಡುವೆ ಮೊಳೆಯಿಂದ ಚುಕ್ಕೆ ಹಾಕಿ, 4 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಅಗಲಿದ ಅಂಚನ್ನಷ್ಟೇ ತೆಗೆಯಿರಿ. ತಟ್ಟೆ ಎದ್ದು ಬರುತ್ತದೆ. ಮರಳಿ ಕೂರಿಸಲು ಕಂಬದ ನಡುವೆ 1.6 ಮಿ.ಮೀ. ತೂತು, 5 ಮಿ.ಮೀ. ಆಳ. ಅದಕ್ಕೆ ಎಂ2 (2 ಮಿ.ಮೀ.) ಟ್ಯಾಪ್, ಅಂದರೆ ತೂತಿನೊಳಗೆ ಸ್ಕ್ರೂ ಎಳೆ ಕೊರೆಯುವ ಉಪಕರಣ, ಹಾಕಿ ಎಂ2 ಸ್ಕ್ರೂ. ಸತು ಟ್ಯಾಪಿಗೆ ಅಂಟಿಕೊಳ್ಳುವ ಲೋಹ. ಒಂದು ಹನಿ ಸೀಮೆಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಟ ಹಿಡಿದು ತಿರುಗಿಸಿದರೆ ಟ್ಯಾಪ್ ಕಂಬದೊಳಗೇ ಮುರಿದು ಉಳಿಯುತ್ತದೆ, ಅದನ್ನು ತೆಗೆಯುವಷ್ಟರಲ್ಲಿ ಕಂಬವೂ ಹೋಗುತ್ತದೆ.

ಬಣ್ಣ ತೆಗೆಯಲು ಅಂಗಡಿಯಲ್ಲಿ ಸಿಗುವ ಜೆಲ್ ಪೇಂಟ್ ರಿಮೂವರ್ ಸಾಕು. ಕೈಗವಸು ಹಾಕಿ, ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಿ. ಹೊಸ ಬಣ್ಣದಲ್ಲಿ ಎಲ್ಲರೂ ಮಾಡುವ ತಪ್ಪು ಸತುವಿನ ಮೇಲೆ ನೇರವಾಗಿ ಎಣ್ಣೆ ಆಧಾರದ ಎನಾಮೆಲ್ ಬಳಿಯುವುದು. ಆ ಬಣ್ಣದ ಎಣ್ಣೆ ಸತುವಿನೊಂದಿಗೆ ಸೇರಿ ಸಾಬೂನಿನಂತಹ ಪದರವಾಗುತ್ತದೆ. ಒಂದೆರಡು ವರ್ಷದಲ್ಲಿ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಜಿಂಕ್ ಶೀಟಿನ ಮಾಡಿಗೆ ಬಳಿದ ಬಣ್ಣ ಸುಲಿದು ಬರುವುದಕ್ಕೂ ಇದೇ ಕಾರಣ. ಮೊದಲು ಲೋಹವನ್ನು ತುಸು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರಿನ ತೆಳು ಕೋಟು, ಅದರ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಅಥವಾ ಅಕ್ರಿಲಿಕ್ ಬಣ್ಣ ಎರಡು ತೆಳು ಕೋಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಹೊಡೆಯಲೇ ಬೇಡಿ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿ ಮೇಲ್ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ.

ಇಡುವ ಜಾಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ನಮ್ಮಲ್ಲಿ ಕಾರು ಹಾಳಾಗುವುದು ಆಟದಲ್ಲಿ ಅಲ್ಲ, ಕಪಾಟಿನಲ್ಲಿ. ಮೂರು ಸಾವಿರ ಮಿ.ಮೀ. ದಾಟುವ ಮಳೆಯ ನಾಡು ಇದು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮನೆಯೊಳಗೂ ತೇವಾಂಶ ಶೇಕಡಾ 90ರ ಆಸುಪಾಸು ನಿಲ್ಲುತ್ತದೆ, ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಕಾರಿಗೆ ಶೇಕಡಾ 50ರ ಒಳಗೆ ಬೇಕು. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವ ಹೀರಿದಾಗ ಬಣ್ಣ ತಿರುಗುವ ಸಿಲಿಕಾ ಜೆಲ್. ಇಪ್ಪತ್ತು ಲೀಟರಿನ ಡಬ್ಬಿಗೆ 100 ಗ್ರಾಂ ಧಾರಾಳ. ಲೆಕ್ಕ ಸರಳ: 28 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಇಪ್ಪತ್ತು ಲೀಟರ್ ಗಾಳಿಯಲ್ಲಿರುವ ನೀರು ಅರ್ಧ ಗ್ರಾಮಿನಷ್ಟು ಮಾತ್ರ. ನೂರು ಗ್ರಾಂ ಜೆಲ್ 30 ಗ್ರಾಮಿನಷ್ಟು ಹೀರಬಲ್ಲದು. ಹಾಗಿದ್ದೂ ಎರಡು ವಾರದಲ್ಲಿ ಜೆಲ್ಲಿನ ಬಣ್ಣ ತಿರುಗಿತೆಂದರೆ ಜೆಲ್ ಸಾಲಲಿಲ್ಲ ಎಂದಲ್ಲ, ಮುಚ್ಚಳ ಸೋರುತ್ತಿದೆ ಎಂದರ್ಥ. ಬಣ್ಣ ತಿರುಗಿದ ಜೆಲ್ಲನ್ನು ಓವನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಸಜ್ಜು. ಅದಕ್ಕಿಂತ ಹೆಚ್ಚು ಬಿಸಿ ಮಾಡಿದರೆ ಬಣ್ಣದ ಗುರುತು ಕೆಡುತ್ತದೆ. ಜೆಲ್ಲಿನ ಬದಲು ಸುಟ್ಟ ಸುಣ್ಣ ಇಡುವುದು ಬೇಡ. ಅದು ನೀರು ಹೀರುವುದು ನಿಜ, ಆದರೆ ಅದರ ಹುಡಿ ತೀಕ್ಷ್ಣ ಕ್ಷಾರ.

ಹೊಸ ಪ್ಲೈವುಡ್, ಎಂಡಿಎಫ್ ಕಪಾಟು, ಇನ್ನೂ ವಾಸನೆ ಬಿಡುವ ಹಸಿ ಮರದ ಪೆಟ್ಟಿಗೆ ಕೂಡ ಬೇಡ. ಅವು ಬಿಡುವ ಆಮ್ಲದ ಆವಿ ಮುಚ್ಚಿದ ಜಾಗದಲ್ಲಿ ಸತುವನ್ನು ತಿನ್ನುತ್ತದೆ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯನ್ನು ಆಟಿಕೆಯ ಜೊತೆ ಹಾಕಬೇಡಿ, ನ್ಯಾಫ್ತಲಿನ್ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. 1960ರ ದಶಕದ ಮೆತ್ತನೆಯ ಪ್ಲಾಸ್ಟಿಕ್ ಟಯರು ತಾನು ತಾಗಿದ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಕಾರನ್ನು ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯ ಮೇಲೆ ವರ್ಷಗಟ್ಟಲೆ ನಿಲ್ಲಿಸಿದರೆ ಟಯರಿನ ಅಚ್ಚು ಕಾಯಂ ಬೀಳುತ್ತದೆ. ಅಡಿಗೆ ಒಂದು ತುಂಡು ಅಲ್ಯೂಮಿನಿಯಂ ಹಾಳೆ ಹಾಸಿದರೆ ಸಾಕು.

ಕೀಲಿ ಕೊಡುವ ತಗಡಿನ ಆಟಿಕೆಗಳ ಮಾತು ಬೇರೆ, ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಅವಕ್ಕೆ ತೆಂಗಿನೆಣ್ಣೆ ಬಿಡಬೇಡಿ. ನಮ್ಮಲ್ಲಿ ಬಾಗಿಲ ಕೀಲಿನಿಂದ ಹೊಲಿಗೆ ಯಂತ್ರದ ತನಕ ಎಲ್ಲಕ್ಕೂ ಅದೇ ಮದ್ದು. ಆದರೆ ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಹೆಪ್ಪುಗಟ್ಟುತ್ತದೆ, ಹಳೆಯದಾದರೆ ಜಿಗುಟಾಗಿ ಹಲ್ಲುಚಕ್ರದ ಸಂದಿಯಲ್ಲಿ ಧೂಳು ಹಿಡಿಯುತ್ತದೆ. ಡಿಸೆಂಬರಿನ ಬೆಳಗ್ಗೆ ಓಡದ ಆಟಿಕೆ ಮಧ್ಯಾಹ್ನ ಓಡಿದರೆ ಸ್ಪ್ರಿಂಗು ದಣಿದಿಲ್ಲ, ಒಳಗೆ ತೆಂಗಿನೆಣ್ಣೆ ಇದೆ. ಪೆಟ್ರೋಲಿನಲ್ಲಿ ಒಳಯಂತ್ರ ತೊಳೆದು, ಪ್ರತಿ ಕಂಬಿಯ ತುದಿಗೆ ಸೂಜಿಯಿಂದ ಒಂದೇ ಹನಿ ಹೊಲಿಗೆ ಯಂತ್ರದ ಎಣ್ಣೆ. ಅಚ್ಚು ಹಾಕಿದ ಬಣ್ಣದ ಮೇಲೆ ಪೆಟ್ರೋಲ್ ತಾಗಬಾರದು.

ಇನ್ನು ದೊಡ್ಡ ಗಾಡಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು, ಬಂದಡ್ಕ ಕಡೆಯ ಗುಡ್ಡದ ದಾರಿಗಳಲ್ಲಿ ಜನರನ್ನೂ ಅಡಿಕೆಯನ್ನೂ ಹೊತ್ತ ಜೀಪು ನಮ್ಮ ಕಡೆಯ ನಿಜವಾದ ಹಳೆಯ ಗಾಡಿ. ಮಹೀಂದ್ರ ತಯಾರಿಸಿದ ಪೆಟ್ರೋಲ್ ಸಿಜೆ–3ಬಿ ಈಗಲೂ ಅಲ್ಲಲ್ಲಿ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಅಮೆರಿಕದ ವಿಲ್ಲೀಸ್ 1953ರಲ್ಲಿ ತಂದ ಮಾದರಿ ಅದು. 2.2 ಲೀಟರಿನ ಎಫ್–ಹೆಡ್ ಎಂಜಿನ್ ಎತ್ತರವಾದದ್ದರಿಂದ ಬಾನೆಟ್ಟೂ ಎತ್ತರ, ಮುಂಭಾಗ ನೋಡಿದ ಕೂಡಲೇ ಗುರುತು ಸಿಗುತ್ತದೆ. ಇದರ ದೂರು ಒಂದೇ ಬಗೆಯದ್ದು: ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಓಡುತ್ತದೆ, ಏರು ಹತ್ತುವಾಗ ಮಿಸ್ಸಿಂಗ್ ಆಗಿ ಸಾಯುತ್ತದೆ. ಇಗ್ನಿಷನ್ ಸರಿಯಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಬಿಚ್ಚಿ. ತಳದಲ್ಲಿ ಸಾಬುದಾಣಿಯಂತೆ ನೀರಿನ ಗುಂಡು, ಸುತ್ತ ಬಿಳಿ ಹುಡಿ. ಆಟದ ಕಾರಿನ ಮೇಲೆ ಕಂಡದ್ದೇ ಹುಡಿ.

ಇಲ್ಲಿ ಅದು ಬೇಗ ಬೆಳೆಯಲು ಕಾರಣವಿದೆ. ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಜೆಟ್ಟುಗಳು ಹಿತ್ತಾಳೆಯವು, ಬಟ್ಟಲು ಸತುವಿನದ್ದು. ಎರಡು ಲೋಹಗಳ ನಡುವೆ ನೀರು ನಿಂತರೆ ಅದೊಂದು ಸಣ್ಣ ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯುವುದು ಸತು, ಹಿತ್ತಾಳೆ ಉಳಿಯುತ್ತದೆ. ಆದ್ದರಿಂದಲೇ ಜೆಟ್ಟಿನ ಬುಡದಲ್ಲಿ ಹುಡಿ ದಟ್ಟ, ಜೆಟ್ಟು ಸಿಕ್ಕಿಹಾಕಿಕೊಂಡು ತಿರುಗದು. ಅಗಲ ಸಾಲದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಹಿತ್ತಾಳೆಯ ಗೀಟು ಕಿತ್ತು ಹೋಗುತ್ತದೆ. ಮೊದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಇಡಿ. ಆಮೇಲೆ ಪ್ಯಾಕಿಂಗು, ಫ್ಲೋಟು ತೆಗೆದು, ಪೆಟ್ರೋಲಿನ ಪಸೆ ಪೂರ್ತಿ ಆರಿದ ಮೇಲೆ ಬಟ್ಟಲನ್ನು 80–90 ಡಿಗ್ರಿ ಬಿಸಿ ನೀರಿನಲ್ಲಿ ಐದು ನಿಮಿಷ ಮುಳುಗಿಸಿ. ಸತು ಹಿತ್ತಾಳೆಗಿಂತ ಹೆಚ್ಚು ಹಿಗ್ಗುತ್ತದೆ, ತೂತು ಸಡಿಲವಾಗುತ್ತದೆ. ಬಿಸಿಯಾಗಿರುವಾಗಲೇ ಗೀಟಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದ ಒಂದೇ ಗಟ್ಟಿ ತಿರುವು. ಹೆಚ್ಚಿನ ಜೆಟ್ಟುಗಳು ಬಂದುಬಿಡುತ್ತವೆ. ಜೆಟ್ಟಿನ ತೂತಿಗೆ ತಂತಿ ಹಾಕಬೇಡಿ. ಗಾಳಿ ಊದಿ, ಇಲ್ಲವೇ ಬ್ರಶ್ಶಿನ ನೈಲಾನ್ ಎಳೆ ಹಾಕಿ.

ಸತುವಿಗೆ ಇನ್ನೊಂದು ಗುಣವಿದೆ. ಎಂಜಿನ್ನಿನ ಬಿಸಿಯಲ್ಲಿ ಸದಾ ಒತ್ತಡ ಬಿದ್ದರೆ ಅದು ಮೇಣದಂತೆ ನಿಧಾನವಾಗಿ ಬಾಗುತ್ತದೆ. ಕಾರ್ಬುರೇಟರಿನ ಮುಚ್ಚಳ, ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಅಂಚಾದ ಫ್ಲೇಂಜ್ ಬಾಳೆಹಣ್ಣಿನಂತೆ ಬಾಗಿರುವುದು ಹೆಚ್ಚಾಗಿ ಯಾರೋ ಬೋಲ್ಟನ್ನು ಅತಿಯಾಗಿ ಬಿಗಿದಿದ್ದರಿಂದ. ಗಾಳಿ ಸೋರಿದಾಗ ಮತ್ತೆ ಬಿಗಿಯುತ್ತಾರೆ, ಅದು ಇನ್ನಷ್ಟು ಬಾಗುತ್ತದೆ. ದಪ್ಪ ಗಾಜಿನ ಮೇಲೆ 320 ನಂಬರಿನ ವಾಟರ್ ಎಮರಿ ಹಾಸಿ, ನೀರು ಚಿಮುಕಿಸಿ, ಫ್ಲೇಂಜನ್ನು ಇಂಗ್ಲಿಷಿನ 8ರ ಆಕಾರದಲ್ಲಿ ಉಜ್ಜಿ. ಮೊದಲು ಮಾರ್ಕರ್ ಪೆನ್ನಿನಿಂದ ಮುಖದ ತುಂಬ ಗೆರೆ ಎಳೆದಿಟ್ಟರೆ ಎಲ್ಲಿ ತಗ್ಗಿದೆ ಎಂದು ತಿಳಿಯುತ್ತದೆ. ಎಲ್ಲ ಗೆರೆಗಳೂ ಅಳಿಸಿದಾಗ ಸಮತಟ್ಟಾಗಿದೆ. ಹೊಸ ಪ್ಯಾಕಿಂಗ್ ಹಾಕಿ, ಚಿಕ್ಕ ಸ್ಪ್ಯಾನರಿನಿಂದ ಎರಡು ಬದಿಯ ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮಣಿಕಟ್ಟಿನ ಬಲ ಸಾಕು, ತೋಳಿನದ್ದು ಬೇಡ. ಎಂಜಿನ್ ಮತ್ತು ಕಾರ್ಬುರೇಟರಿನ ನಡುವಿನ ಫೈಬರ್ ತುಂಡನ್ನು ಬಿಡಬೇಡಿ. ಬಿಸಿ ಮೇಲೇರದಂತೆ ತಡೆಯುವುದು ಅದೇ. ಅದಿಲ್ಲದೆ ಏಪ್ರಿಲಿನಲ್ಲಿ ಪೆಟ್ರೋಲ್ ಬಟ್ಟಲಲ್ಲೇ ಕುದಿಯುತ್ತದೆ.

ಥ್ರಾಟಲ್ ಕಂಬಿ ಹಾಯುವ ತೂತು ಸವೆದು ಮೊಟ್ಟೆಯಾಕಾರ ಆಗಿದ್ದರೆ ಸ್ಲೋ ಸ್ಪೀಡ್ ಯಾವತ್ತೂ ನಿಲ್ಲದು. ಕಂಬಿಯ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಲೇತಿನವರಿಂದ ತೂತು ದೊಡ್ಡದು ಮಾಡಿಸಿ ಹಿತ್ತಾಳೆ ಬುಶ್ ಕೂರಿಸಬೇಕು. ಕಂಬಿ ಮಾತ್ರ ಹೊಸತು ಹಾಕಿದರೆ ದುಡ್ಡು ದಂಡ, ಸವೆದದ್ದು ಹೆಚ್ಚಾಗಿ ಒಡಲಿನ ಸತು.

ಈಗಿನ ಪೆಟ್ರೋಲಿನ ಶೇಕಡಾ 20 ಎಥನಾಲ್ ಹಳೆಯ ಗಾಡಿಗೆ ಎರಡು ಬಗೆಯಲ್ಲಿ ತೊಂದರೆ. ಎಥನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಮಿತಿ ದಾಟಿದಾಗ ನೀರೂ ಎಥನಾಲೂ ಸೇರಿ ತಳಕ್ಕಿಳಿಯುತ್ತವೆ, ಬಟ್ಟಲಿನ ಸತು ಅದರಲ್ಲೇ ಮುಳುಗಿರುತ್ತದೆ. ಎರಡನೆಯದು ಮಿಶ್ರಣ. ಶುದ್ಧ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5. ಅಂದರೆ ಶೇಕಡಾ 9ರಷ್ಟು ಹೆಚ್ಚು ಇಂಧನ ಹೋಗಬೇಕು. ಸೋಲೆಕ್ಸ್ ಕಂಪೆನಿಯ ಕಾರ್ಬುರೇಟರಿನಲ್ಲಿ ಜೆಟ್ಟಿನ ಸಂಖ್ಯೆ ತೂತಿನ ವ್ಯಾಸವನ್ನು ಹೇಳುತ್ತದೆ, 115 ಎಂದರೆ 1.15 ಮಿ.ಮೀ. ಹರಿವು ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ 115ರ ಜಾಗಕ್ಕೆ 120 ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಹಾಕಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಪ್ಲಗ್ಗು ಬಿಚ್ಚಿ ನೋಡಿ. ಕಂದು ಬಂದರೆ ಸರಿ, ಬೆಳ್ಳಗಿದ್ದರೆ ಇನ್ನೂ ಕಡಿಮೆ, ಮಸಿ ಕಟ್ಟಿದರೆ ಹೆಚ್ಚಾಯಿತು. ಹಳೆಯ ರಬ್ಬರ್ ಪೈಪು ಎಥನಾಲಿಗೆ ಉಬ್ಬಿ ಒಳಗೆ ಸುಲಿಯುತ್ತದೆ, ಎಸ್‌ಎಇ 30ಆರ್9 ದರ್ಜೆಯ ಪೈಪು ಹಾಕಿಸಿ. ಪೆಟ್ರೋಲ್ ಪಂಪಿನ ಡಯಾಫ್ರಾಮು ಸೋರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯಬಹುದು. ಡಿಪ್‌ಸ್ಟಿಕ್ಕನ್ನು ಮೂಸಿ ನೋಡುವ ಅಭ್ಯಾಸ ಒಳ್ಳೆಯದು.

ಕಾರ್ಬುರೇಟರನ್ನು ದೂರುವ ಮೊದಲು ಸೆಟ್ಟಿಂಗ್ ನೋಡಿಕೊಳ್ಳಿ. ಸಿಜೆ–3ಬಿಗೆ ಪ್ಲಗ್ ಗ್ಯಾಪ್ 0.030 ಇಂಚು, ಕಾಂಟ್ಯಾಕ್ಟ್ ಪಾಯಿಂಟ್ 0.020 ಇಂಚು. ಟ್ಯಾಪೆಟ್ ತಣ್ಣಗಿರುವಾಗ ಇನ್‌ಲೆಟ್ 0.018, ಎಗ್ಸಾಸ್ಟ್ 0.016. ಎಫ್–ಹೆಡ್ಡಿನಲ್ಲಿ ಇನ್‌ಲೆಟ್ ವಾಲ್ವು ಮೇಲೆ ಹೆಡ್ಡಿನಲ್ಲಿದೆ, ಎಗ್ಸಾಸ್ಟ್ ವಾಲ್ವು ಕೆಳಗೆ ಬ್ಲಾಕಿನಲ್ಲಿದೆ, ಅದಕ್ಕೆ ಬದಿಯ ಮುಚ್ಚಳ ಬಿಚ್ಚಬೇಕು. ಮೇಲಿನದ್ದಷ್ಟೇ ನೋಡಿ ಮುಚ್ಚುವುದೇ ಹೆಚ್ಚು, ಹಾಗಾಗಿ ಕೆಳಗಿನದ್ದು ಬಿಗಿಯಾಗಿ ಸುಟ್ಟುಹೋಗುತ್ತದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೆ ಪ್ಲಗ್ 0.025, ಪಾಯಿಂಟ್ 0.015, ಟ್ಯಾಪೆಟ್ ಎರಡೂ 0.015. ಎರಡೂ ಎಂಜಿನ್ನಿನ ಫೈರಿಂಗ್ ಆರ್ಡರ್ 1–3–4–2.

ಅಂಬಾಸಿಡರಿನ ಹಿಡಿ, ಅಲಂಕಾರಗಳ ಕ್ರೋಮು ಗುಳ್ಳೆಯೆದ್ದರೆ ಅದರಡಿಯ ಸತು ತೂತಾಗಿದೆ ಎಂದು ತಿಳಿಯಿರಿ. ಮತ್ತೆ ಕ್ರೋಮು ಮಾಡಿಸುವಾಗ ಮೊದಲ ಪದರ ಸಯನೈಡ್ ತಾಮ್ರದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಆಮ್ಲದ ತಾಮ್ರದ ತೊಟ್ಟಿಗೆ ನೇರ ಅದ್ದಿದರೆ ಸತು ಅಲ್ಲೇ ಸವೆಯುತ್ತದೆ, ಆರು ತಿಂಗಳಲ್ಲಿ ಹೊಸ ಕ್ರೋಮೂ ಗುಳ್ಳೆ. ಪಾಲಿಶ್ ಚಕ್ರಕ್ಕೆ ಬಹಳ ಒತ್ತಲು ಬಿಡಬೇಡಿ. ಎರಕದ ಹೊರಚರ್ಮ ಮಾತ್ರ ದಟ್ಟ, ಅದು ಹೋದರೆ ಒಳಗೆಲ್ಲ ಸೂಜಿಮೊನೆಯ ತೂತುಗಳು. ಸಣ್ಣ ಗುಳ್ಳೆಗಳಿದ್ದರೆ ನನ್ನ ಮತ ಹಾಗೇ ಬಿಡುವುದು. ಮೂಲ ಕ್ರೋಮಿಗೆ ಮೇಣ ತಿಕ್ಕಿ ಇಟ್ಟರೆ ಇನ್ನೂ ಹತ್ತು ಮಳೆ ಕಾಣುತ್ತದೆ.

ಮಳೆಗಾಲ ಪೂರ್ತಿ ನಿಲ್ಲಿಸುವ ಗಾಡಿಗೆ ಮೇ ಕೊನೆಯಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಇಳಿಸಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಆಮೇಲೂ ಬಟ್ಟಲು ಬಿಚ್ಚಿ ಒರಸಿ. ತಳದಲ್ಲಿ ಉಳಿಯುವ ಎರಡು ಚಮಚವೇ ನಾಲ್ಕು ತಿಂಗಳಲ್ಲಿ ಜೆಟ್ಟನ್ನು ಕಚ್ಚಿಸುವುದು. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಒಳಿತಿಗಿಂತ ಕೆಡುಕು ಹೆಚ್ಚು. ಎಂಜಿನ್ ಪೂರ್ತಿ ಬಿಸಿಯಾಗದೆ ಹೊಗೆಯ ನೀರು ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವೇ ಮುಟ್ಟಬೇಡಿ.

ಅಕ್ಟೋಬರಿನಲ್ಲಿ ಬಿಸಿಲು ಬಿದ್ದ ಮೇಲೆ ಕ್ಯಾಲಿಪರ್ ಪುಸ್ತಕ ತೆಗೆಯುವ ದಿನವೇ ಕಾರ್ಬುರೇಟರಿನ ಬಟ್ಟಲನ್ನೂ ಬಿಚ್ಚಿ ನೋಡಿ. ಒರಸಿಟ್ಟ ಬಟ್ಟಲಿನಲ್ಲಿ ಹೊಸ ಬಿಳಿ ಹುಡಿ ಕಂಡರೆ ನೀರು ಬಂದದ್ದು ಪೆಟ್ರೋಲಿನಿಂದಲ್ಲ, ಏರ್ ಕ್ಲೀನರಿನ ಬಾಯಿಯಿಂದ. ಮುಂದಿನ ಮೇ ತಿಂಗಳಲ್ಲಿ ಆ ಬಾಯಿಗೆ ಎಣ್ಣೆ ಹಚ್ಚಿದ ಬಟ್ಟೆ ಕಟ್ಟಿ, ಸ್ಟೇರಿಂಗಿಗೆ ಒಂದು ಚೀಟಿ ಕಟ್ಟಿಡಿ: ಬಟ್ಟೆ ಬಿಚ್ಚದೆ ಸ್ಟಾರ್ಟ್ ಮಾಡಬಾರದು.